ಉಪವಾಸದ ಸಿಹಿ, ಉಪವಾಸ ಮುರಿಯುವ ಬ್ರೆಡ್: ಕೊಲೊಮಿಯಾದಲ್ಲಿ ನಾನು ಕಲಿತ ಹಬ್ಬದಡುಗೆ

ಉಕ್ರೇನಿನ ಹಬ್ಬದ ಬ್ರೆಡ್ ಅಂದ ಕೂಡಲೇ ಎಲ್ಲರೂ ತೋರಿಸುವುದು ಒಂದೇ ಫೋಟೋ. ಎತ್ತರಕ್ಕೆ ಉಬ್ಬಿ ನಿಂತ ಬ್ರೆಡ್, ತಲೆಯ ಮೇಲೆ ಬಿಳಿ ಸಕ್ಕರೆಯ ಲೇಪ, ಅದರ ಮೇಲೆ ಉದುರಿಸಿದ ಬಣ್ಣದ ಕಾಳು. ಅದು ಪಾಸ್ಕಾ, ಈಸ್ಟರ್ ಹಬ್ಬದ್ದು. ಚೆನ್ನಾಗಿಯೇ ಇರುತ್ತದೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಅದೊಂದನ್ನೇ ಮಾಡಿ ನೋಡಿದರೆ ಅದರಲ್ಲಿ ಅಷ್ಟೊಂದು ಮೊಟ್ಟೆ, ಅಷ್ಟೊಂದು ಬೆಣ್ಣೆ ಯಾಕೆ ಅಂತ ಗೊತ್ತಾಗುವುದಿಲ್ಲ. ಇಲ್ಲಿನ ಹಬ್ಬದಡುಗೆಯಲ್ಲಿ ಎರಡು ಪಾಲಿದೆ. ಉಪವಾಸದಲ್ಲಿ ಇರುವಾಗಲೇ ಮಾಡಿ ತಿನ್ನುವುದು ಒಂದು, ಉಪವಾಸ ಮುರಿಯುವುದಕ್ಕೆ ಅಂತಲೇ ಮಾಡುವುದು ಇನ್ನೊಂದು. ಕ್ರಿಸ್ಮಸ್‌ನ ಹಿಂದಿನ ಸಂಜೆಯ ಸಿಹಿಯಲ್ಲಿ ಹಾಲಿಲ್ಲ, ಬೆಣ್ಣೆಯಿಲ್ಲ, ಮೊಟ್ಟೆಯಿಲ್ಲ. ಈಸ್ಟರ್ ಬ್ರೆಡ್ಡಿನಲ್ಲಿ ಅವು ಬಿಟ್ಟು ಬೇರೆ ಏನೂ ಇಲ್ಲವೇನೋ ಅನ್ನಿಸುವಷ್ಟು ಇರುತ್ತವೆ. ಇದು ತಲೆಗೆ ಹೋದ ಮೇಲೆ ನನಗೆ ಯಾವ ರೆಸಿಪಿಯನ್ನೂ ಬಾಯಿಪಾಠ ಮಾಡುವ ಕಷ್ಟ ಇರಲಿಲ್ಲ.

ನಾನು ಧಾರವಾಡದವಳು. ಮದುವೆಯಾಗಿ ಬಂದದ್ದು ಕೊಲೊಮಿಯಾಗೆ. ಉಕ್ರೇನಿನ ಪಶ್ಚಿಮಕ್ಕೆ, ಕಾರ್ಪಾಥಿಯನ್ ಬೆಟ್ಟಗಳ ಬುಡದಲ್ಲಿ, ಪ್ರುತ್ ನದಿಯ ದಂಡೆಯ ಮೇಲಿರುವ ಊರು. ಈ ಊರನ್ನು ಹೊರಗಿನವರು ಗುರುತಿಸುವುದು ಮೊಟ್ಟೆಯ ಆಕಾರದ ಕಟ್ಟಡ ಇರುವ ಮ್ಯೂಸಿಯಂನಿಂದ. ಮೇಣ ಮತ್ತು ಬಣ್ಣದಿಂದ ಚಿತ್ರ ಬಿಡಿಸಿದ ಈಸ್ಟರ್ ಮೊಟ್ಟೆಗಳಿಗೆ ಇಲ್ಲಿ ಪಿಸಂಕಾ ಅನ್ನುತ್ತಾರೆ, ಅವುಗಳಿಗಾಗಿಯೇ 2000ದಲ್ಲಿ ಕಟ್ಟಿದ್ದು. ಅತ್ತೆಯ ಮನೆ ಅಲ್ಲಿಂದ ಸ್ವಲ್ಪ ದೂರ. ಎರಡು ಕೋಣೆ, ಒಂದು ಅಡುಗೆಮನೆ, ಹಿತ್ತಿಲಲ್ಲಿ ಒಂದು ಅಕ್ರೋಟಿನ ಮರ. ನಾವು ಬೇರೆ ಫ್ಲ್ಯಾಟಿನಲ್ಲಿದ್ದೇವೆ, ಆದರೆ ಹಬ್ಬದ ಬೇಕಿಂಗ್ ಎಲ್ಲ ಅಲ್ಲಿಯೇ. ಅತ್ತೆಯನ್ನು ನಾನು ‘ಮಾಮೊ’ ಅಂತ ಕರೆಯುತ್ತೇನೆ, ಬಹುವಚನದಲ್ಲಿಯೇ ಮಾತಾಡಿಸುತ್ತೇನೆ, ಈ ಕಡೆ ಹಾಗೆಯೇ ರೂಢಿ. ಅವರು ನನ್ನನ್ನು ಮಗಳೇ ಅನ್ನುತ್ತಾರೆ. ಸಿಟ್ಟು ಬಂದಾಗ ಮಾತ್ರ ಹೆಸರು.

ಮೊದಲು ಚಳಿಗಾಲದ ಹಬ್ಬ. ಮೊದಲೆಲ್ಲ ಇಲ್ಲಿ ಕ್ರಿಸ್ಮಸ್ ಜನವರಿ 7ಕ್ಕೆ ಬರುತ್ತಿತ್ತು. 2023ರ ಜುಲೈನಲ್ಲಿ ಕಾನೂನು ಬದಲಾಯಿಸಿ ಡಿಸೆಂಬರ್ 25ಕ್ಕೆ ತಂದರು. ನಮ್ಮ ಅತ್ತೆಯ ಮನೆಯವರು ಗ್ರೀಕ್ ಕ್ಯಾಥೊಲಿಕ್, ಆ ಚರ್ಚ್ ಕೂಡ ಅದೇ ವರ್ಷದ ಸೆಪ್ಟೆಂಬರ್ 1ರಿಂದ ಹೊಸ ಲೆಕ್ಕ ಹಿಡಿಯಿತು. ಈಸ್ಟರ್ ಮಾತ್ರ ಹಳೆಯ ಲೆಕ್ಕದಲ್ಲೇ ಉಳಿದಿದೆ. ಅತ್ತೆಗೆ ಇದರಿಂದ ಆದ ದೊಡ್ಡ ತೊಂದರೆ ಅಂದರೆ ಅಡುಗೆಯ ತಯಾರಿ ಎರಡು ವಾರ ಮುಂಚೆ ಶುರುವಾಗಬೇಕಾಯಿತು, ಅಷ್ಟೇ. ದೇವರಿಗೆ ತಾರೀಖು ಗೊತ್ತಿರುತ್ತದೆ, ಗಸಗಸೆ ಮಾರುವವನಿಗೆ ಗೊತ್ತಿರಬೇಕು ಅಂತ ನಕ್ಕರು.

ಕ್ರಿಸ್ಮಸ್‌ನ ಹಿಂದಿನ ದಿನದ ಊಟಕ್ಕೆ ಪವಿತ್ರ ಸಂಜೆ ಅನ್ನುತ್ತಾರೆ. ಹನ್ನೆರಡು ಅಡುಗೆ, ಎಲ್ಲವೂ ಉಪವಾಸದ್ದು. ಮೀನು ನಡೆಯುತ್ತದೆ, ಮಾಂಸ ಇಲ್ಲ, ಹಾಲಿನ ಪದಾರ್ಥ ಇಲ್ಲ. ಆಕಾಶದಲ್ಲಿ ಮೊದಲ ನಕ್ಷತ್ರ ಕಾಣುವ ತನಕ ಊಟಕ್ಕೆ ಕೂರುವಂತಿಲ್ಲ. ಹನ್ನೆರಡರಲ್ಲಿ ಮೊದಲು ಬಾಯಿಗೆ ಹೋಗಬೇಕಾದದ್ದು ಕುತ್ಯಾ. ಗೋಧಿ, ಗಸಗಸೆ, ಜೇನು, ಅಕ್ರೋಟು, ಒಣದ್ರಾಕ್ಷಿ. ಮೊದಲ ಸಲ ಪದಾರ್ಥಗಳ ಪಟ್ಟಿ ಕೇಳಿದಾಗ ನಾನು ಇದು ನಮ್ಮ ಗೋಧಿ ಹುಗ್ಗಿ ಅಲ್ವಾ ಅಂದುಕೊಂಡೆ. ಬೆಲ್ಲದ ಜಾಗದಲ್ಲಿ ಜೇನು ಬಂದಿದೆ, ಏಲಕ್ಕಿ ಇಲ್ಲ, ಅಷ್ಟೇ ಅಂತ. ತಿಂದಾಗ ಗೊತ್ತಾಯಿತು, ಹಾಗಲ್ಲ. ಹುಗ್ಗಿಯಲ್ಲಿ ಗಸಗಸೆ ಒಂದು ಪರಿಮಳ. ಕುತ್ಯಾದಲ್ಲಿ ಗಸಗಸೆಯೇ ಅರ್ಧ ಅಡುಗೆ.

ಇಲ್ಲಿನ ಗಸಗಸೆ ನಮ್ಮಲ್ಲಿಯ ಥರ ಬಿಳಿ ಅಲ್ಲ, ನೀಲಿ ಕಪ್ಪು. ಸಿಪ್ಪೆ ಗಟ್ಟಿ. ಸುಮ್ನೆ ಹುರಿದು ಪುಡಿ ಮಾಡಿದರೆ ಹಲ್ಲಿಗೆ ಮರಳು ಸಿಕ್ಕಂತಾಗುತ್ತದೆ. ಅದಕ್ಕೆ ಕುದಿಯುವ ನೀರು ಸುರಿದು ಮುಚ್ಚಿಡಬೇಕು. ತಣಿದ ಮೇಲೆ ಬಸಿದು ಮತ್ತೊಮ್ಮೆ ಬಿಸಿನೀರು ಹಾಕಬೇಕು. ಬೆರಳಲ್ಲಿ ಹಿಸುಕಿದರೆ ಕಾಳು ಒಡೆಯುವಷ್ಟು ಮೆತ್ತಗಾಗಬೇಕು. ಆಮೇಲೆ ತೆಳು ಬಟ್ಟೆಯಲ್ಲಿ ಬಸಿದು ಮಕಿತ್ರಾಗೆ. ಮಕಿತ್ರಾ ಅಂದರೆ ಅಗಲ ಬಾಯಿಯ ಮಣ್ಣಿನ ಬೋಗುಣಿ, ಒಳಗೆ ಮೆರುಗು ಇರುವುದಿಲ್ಲ, ಉದ್ದಕ್ಕೆ ಗೀರುಗಳಿರುತ್ತವೆ. ಅತ್ತೆಯದು ಕೊಸಿವ್ ಸಂತೆಯಲ್ಲಿ ಕೊಂಡದ್ದು. ಇಲ್ಲಿಗೆ ಹತ್ತಿರದ ಆ ಊರಿನ ಬಣ್ಣದ ಮಣ್ಣಿನ ಪಾತ್ರೆಗಳ ಕಲೆ 2019ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ. ಅತ್ತೆಯ ಬೋಗುಣಿ ಅಂಥ ಚಂದದ್ದೇನಲ್ಲ, ಕಂದು ಬಣ್ಣದ ಕೆಲಸದ ಪಾತ್ರೆ. ಅದನ್ನು ತೊಡೆಗಳ ನಡುವೆ ಒತ್ತಿ ಹಿಡಿದು, ತುದಿ ದಪ್ಪಗಿರುವ ಮರದ ಕೋಲಿನಿಂದ ಗಸಗಸೆಯನ್ನು ತಿರುವುತ್ತ ಅರೆಯಬೇಕು. ಕುಟ್ಟುವುದಲ್ಲ, ತಿರುವುವುದು. ಕೋಲಿನ ತುದಿ ಗೋಡೆಗೆ ಒತ್ತಿಕೊಂಡೇ ಸುತ್ತಬೇಕು. ಮೊದಮೊದಲು ಏನೂ ಆಗುವುದಿಲ್ಲ. ಕಪ್ಪು ಕಾಳು ಆಚೀಚೆ ಓಡಾಡುತ್ತವೆ. ಕೈ ಬದಲಿಸುತ್ತ, ಮಾತಾಡುತ್ತ, ಇನ್ನು ಸಾಕೇನೋ ಅಂತ ಅತ್ತೆಯ ಮುಖ ನೋಡುತ್ತ ಕೂತಿರುವಾಗ ಯಾವಾಗಲೋ ಒಂದು ಹೊತ್ತಿನಲ್ಲಿ ಕಪ್ಪು ರಾಶಿ ಬೂದಿ ಬಣ್ಣಕ್ಕೆ ತಿರುಗಿ, ಕೋಲಿನ ಸುತ್ತ ಬಿಳಿ ಹಾಲು ಕಾಣಿಸುತ್ತದೆ. ಆ ಹಾಲು ಬರುವ ತನಕ ಬಿಡುವಂತಿಲ್ಲ. ಹಾಲಿಲ್ಲದ ಅಡುಗೆಗೆ ಇದೇ ಹಾಲು.

ಮಿಕ್ಸಿಯಲ್ಲಿ ಮಾಡಬಹುದಾ ಅಂದರೆ ಮಾಡಬಹುದು. ಮಾಂಸ ಕೊಚ್ಚುವ ಯಂತ್ರದಲ್ಲಿ ಎರಡು ಮೂರು ಸಲ ಹಾಕುವವರೂ ಇದ್ದಾರೆ. ನಾನು ಎರಡೂ ನೋಡಿದ್ದೇನೆ. ಮಿಕ್ಸಿಯ ಬ್ಲೇಡು ಕಾಳನ್ನು ಕತ್ತರಿಸುತ್ತದೆ, ಹಿಂಡುವುದಿಲ್ಲ. ಮಕಿತ್ರಾದಲ್ಲಿ ಅರೆದದ್ದಕ್ಕೆ ಎಣ್ಣೆ ಬಿಟ್ಟುಕೊಂಡು ಒಂದು ನುಣುಪು ಬರುತ್ತದೆ. ಕೈನೋವು ತಡೆಯುವವರಿಗೆ ನಾನು ಮಕಿತ್ರಾವನ್ನೇ ಹೇಳುತ್ತೇನೆ.

ಗೋಧಿಯನ್ನು ಹಿಂದಿನ ರಾತ್ರಿ ನೆನೆಸಿ ಬೇಯಿಸುವುದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕಾಳು ಬಾಯಿ ಬಿಡಬೇಕು, ಆದರೆ ಗಂಜಿ ಆಗಬಾರದು. ಉಜ್ವಾರ್ ಅಂತ ಒಂದು ಪಾನಕ ಇದೆ, ಹೊಗೆಯಲ್ಲಿ ಒಣಗಿಸಿದ ಪಿಯರ್, ಪ್ಲಮ್, ಸೇಬು ಹಾಕಿ ಕುದಿಸಿದ್ದು. ಅದರ ಸ್ವಲ್ಪ ನೀರಿನಲ್ಲಿ ಜೇನನ್ನು ಕರಗಿಸಿ ಗೋಧಿಗೆ ಬೆರೆಸುತ್ತಾರೆ. ಜೇನನ್ನು ಬಿಸಿ ಗೋಧಿಗೆ ನೇರ ಹಾಕಬಾರದು, ತಣಿದ ಮೇಲೆಯೇ. ಅಕ್ರೋಟು ಕೊನೆಗೆ, ಇಲ್ಲದಿದ್ದರೆ ಮೆತ್ತಗಾಗುತ್ತದೆ. ಊಟ ಮುಗಿದ ಮೇಲೆ ಮೇಜು ಎತ್ತುವುದಿಲ್ಲ. ಕುತ್ಯಾದ ಬಟ್ಟಲು, ಚಮಚ ಎಲ್ಲ ರಾತ್ರಿ ಅಲ್ಲೇ ಇರುತ್ತವೆ. ತೀರಿಹೋದ ಹಿರಿಯರು ಬಂದು ಉಣ್ಣುತ್ತಾರೆ ಅಂತ. ಇದನ್ನು ಫೋನಿನಲ್ಲಿ ಅಮ್ಮನಿಗೆ ಹೇಳಿದಾಗ ಅವಳು ಆಶ್ಚರ್ಯವನ್ನೇ ಪಡಲಿಲ್ಲ. ‘ಹೌದು ಮತ್ತ, ಎಡಿ ಇಡಬೇಕಲ್ಲ’ ಅಂದಳು.

ಊರಿಗೆ ಹೋದಾಗ ಧಾರವಾಡದಲ್ಲಿ ಕುತ್ಯಾ ಮಾಡಿಕೊಟ್ಟಿದ್ದೇನೆ. ಮೊಟ್ಟೆಯಿಲ್ಲ ಅಂದ ಮೇಲೆ ಅಮ್ಮನ ಅಡುಗೆಮನೆಯಲ್ಲಿ ಅಡ್ಡಿಯಿರಲಿಲ್ಲ. ಬಿಳಿ ಗಸಗಸೆಯಲ್ಲಿ ಬಣ್ಣ ಬರುವುದಿಲ್ಲ, ರುಚಿಯೂ ಮೆತ್ತಗೆ. ಆದರೆ ಅರೆಯುವುದು ಎಷ್ಟು ಸುಲಭ ಅಂತೀರಿ!

ಹಿಟ್ಟಿನ ಕಡೆಗೆ ಬರೋಣ. ಆ ಸಂಜೆಯ ಮೇಜಿನ ನಡುವೆ ಕೊಲಾಚ್ ಇರಬೇಕು. ಹೆಣೆದು ಬಳೆಯ ಹಾಗೆ ಸುತ್ತಿದ ಬ್ರೆಡ್. ಮೂರು ಬಳೆಗಳನ್ನು ಒಂದರ ಮೇಲೊಂದು ಇಟ್ಟು ನಡುವಿನ ತೂತಿನಲ್ಲಿ ಮೇಣದಬತ್ತಿ ನಿಲ್ಲಿಸುತ್ತಾರೆ. ಅತ್ತೆ ಇದಕ್ಕೆ ಮೊಟ್ಟೆ ಹಾಕುವುದಿಲ್ಲ. ಮೈದಾ, ನೀರು, ಯೀಸ್ಟ್, ಸೂರ್ಯಕಾಂತಿ ಎಣ್ಣೆ, ಸ್ವಲ್ಪ ಸಕ್ಕರೆ, ಉಪ್ಪು. ಈ ಹಿಟ್ಟು ನಾದುವುದಕ್ಕೆ ತುಂಬ ಸಲೀಸು, ಬೇಗ ಉಬ್ಬುತ್ತದೆ, ಹೇಳಿದ ಮಾತು ಕೇಳುತ್ತದೆ. ಹೆಣಿಗೆ ಸ್ಪಷ್ಟವಾಗಿ ಕಾಣಬೇಕಾದರೆ ಹಿಟ್ಟು ಗಟ್ಟಿಯಿರಬೇಕು, ಹೆಣೆದ ಮೇಲೆ ಜಾಸ್ತಿ ಹೊತ್ತು ಉಬ್ಬಲು ಬಿಡಬಾರದು. ಅದು ಬಿಟ್ಟರೆ ಹೇಳುವಂಥದ್ದು ಇಲ್ಲ.

ಪಂಪುಖ್ ಅಂತ ಇನ್ನೊಂದು. ಒಳಗೆ ಗಸಗಸೆಯೋ ಗುಲಾಬಿ ದಳದ ಜಾಮೋ ತುಂಬಿ ಎಣ್ಣೆಯಲ್ಲಿ ಕರಿದ ದುಂಡನೆಯ ಯೀಸ್ಟ್ ಹಿಟ್ಟಿನ ಉಂಡೆ. ಇದು ಎರಡೂ ಥರ ಆಗುತ್ತದೆ. ಹಿಂದಿನ ಸಂಜೆಗೆ ನೀರಿನಲ್ಲಿ ಕಲಸಿದ್ದು, ಮರುದಿನಕ್ಕೆ ಹಾಲು ಮೊಟ್ಟೆ ಬೆಣ್ಣೆ ಹಾಕಿದ್ದು. ಹಿಟ್ಟಿಗೆ ಒಂದು ಚಮಚ ವೋಡ್ಕಾ ಹಾಕಿದರೆ ಎಣ್ಣೆ ಕಡಿಮೆ ಕುಡಿಯುತ್ತದೆ ಅನ್ನುವುದು ಅತ್ತೆಯ ನಂಬಿಕೆ. ಮಾವನ ನಂಬಿಕೆ ಒಂದು ಚಮಚ ಸಾಲದು ಅಂತ.

ಮೆದಿವ್ನಿಕ್ ಅಂದರೆ ಜೇನಿನ ಕೇಕ್. ಇದು ಕ್ರಿಸ್ಮಸ್ ದಿನಕ್ಕೆ, ಅಂದರೆ ಉಪವಾಸ ಮುಗಿದ ಮೇಲೆ. ಆದರೆ ಮಾಡುವುದು ಒಂದು ವಾರ ಮುಂಚೆ. ಜೇನನ್ನು ದಪ್ಪ ತಳದ ಪಾತ್ರೆಯಲ್ಲಿ ಲವಂಗ ದಾಲ್ಚಿನ್ನಿ ಪುಡಿಯ ಜೊತೆ ಕಾಯಿಸಿ, ನೊರೆ ಬಂದು ಬಣ್ಣ ಗಾಢವಾಗುವ ತನಕ ಬಿಡಬೇಕು. ತಣಿದ ಮೇಲೆ ಮೊಟ್ಟೆ, ಸಕ್ಕರೆ, ಹುಳಿ ಕೆನೆ, ಮೈದಾ, ಅಡುಗೆ ಸೋಡಾ, ಅಕ್ರೋಟು. ಜೇನಿಗೂ ಹುಳಿ ಕೆನೆಗೂ ಹುಳಿಯ ಗುಣ ಇರುವುದರಿಂದ ಸೋಡಾ ಅಲ್ಲೇ ಕೆಲಸ ಶುರು ಮಾಡುತ್ತದೆ, ಕಲಸಿದ ಕೂಡಲೇ ಓವನ್ನಿಗೆ ಹೋಗಬೇಕು. 160 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಒಂದು ತಾಸು. ಹೊರಗೆ ತೆಗೆದ ದಿನ ತಿಂದರೆ ಯಾಕಾದರೂ ಮಾಡಿದೆವೋ ಅನ್ನಿಸುತ್ತದೆ, ಅಷ್ಟು ಒಣ. ಬಟ್ಟೆ ಸುತ್ತಿ ತಂಪು ಜಾಗದಲ್ಲಿಟ್ಟರೆ ಜೇನು ಗಾಳಿಯ ತೇವ ಎಳೆದುಕೊಂಡು ದಿನದಿನಕ್ಕೂ ಮೆತ್ತಗಾಗುತ್ತ ಬರುತ್ತದೆ, ಮಸಾಲೆಯೂ ಒಂದರೊಳಗೊಂದು ಸೇರುತ್ತದೆ. ಇಲ್ಲಿನ ಸಿಹಿಗಳಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ. ಪಾಸ್ಕಾ ಅಲ್ಲ.

ಹಾಗಂತ ಶ್ರಮ ಎಲ್ಲ ಹೋಗುವುದು ಪಾಸ್ಕಾಕ್ಕೇ.

ಈಸ್ಟರ್ ಮುಂಚೆ ನಲವತ್ತು ದಿನದ ದೊಡ್ಡ ಉಪವಾಸ, ಅದರ ಮೇಲೆ ಪವಿತ್ರ ವಾರ. ಹಿಂದಿನ ಕಾಲದಲ್ಲಿ ಆ ದಿನಗಳಲ್ಲೂ ಕೋಳಿ ಮೊಟ್ಟೆ ಇಡುತ್ತಿತ್ತು, ಹಸು ಹಾಲು ಕೊಡುತ್ತಿತ್ತು, ತಿನ್ನುವವರಿಲ್ಲ. ಮೊಟ್ಟೆ ಬೆಣ್ಣೆ ಎಲ್ಲ ಕೂಡುತ್ತ ಹೋಗಿ ಕೊನೆಗೆ ಬ್ರೆಡ್ಡಿಗೆ ಇಳಿಯುತ್ತಿತ್ತು. ಈಗ ಎಲ್ಲರೂ ಅಷ್ಟು ಕಟ್ಟುನಿಟ್ಟಾಗಿಲ್ಲ. ನನ್ನ ಗಂಡ ಶುಕ್ರವಾರ ಒಂದು ದಿನ ಮಾಂಸ ಬಿಟ್ಟರೆ ದೊಡ್ಡದು. ಅತ್ತೆ ಮಾತ್ರ ಪೂರ್ತಿ ಹಿಡಿಯುತ್ತಾರೆ. ಇದರಿಂದ ಬೇಕಿಂಗಿಗೆ ಒಂದು ತೊಡಕು ಬರುತ್ತದೆ. ಪಾಸ್ಕಾದ ಹಿಟ್ಟು ಕಲಸುವವರು ಅದರ ರುಚಿ ನೋಡುವಂತಿಲ್ಲ! ಬೆರಳಿಗೆ ಅಂಟಿದ್ದನ್ನು ನೆಕ್ಕುವಂತಿಲ್ಲ. ಉಪ್ಪು ಬಿದ್ದಿದೆಯಾ, ಸಕ್ಕರೆ ಸಾಕಾ, ಯಾರು ಹೇಳಬೇಕು? ನೈವೇದ್ಯ ಆಗುವ ತನಕ ಬಾಯಿಗಿಡಬಾರದು ಅಂತ ನಮ್ಮಜ್ಜಿ ಹೋಳಿಗೆಯ ಹೂರಣವನ್ನು ಮೂಗಿನಿಂದಲೇ ಅಳೆಯುತ್ತಿದ್ದಳು, ಹಾಗೇ ಇದು. ಅಡುಗೆಮನೆಯಲ್ಲಿ ಉಪವಾಸ ಇಲ್ಲದವಳು ನಾನೊಬ್ಬಳು. ಹೀಗಾಗಿ ಮೊದಲ ವರ್ಷ ನನಗೆ ಸಿಕ್ಕ ಕೆಲಸ ರುಚಿ ನೋಡುವುದು. ‘ನೀನು ನೋಡು ಮಗಳೇ, ನಿನಗೆ ಲೆಕ್ಕಕ್ಕಿಲ್ಲ’ ಅಂದರು. ಬೇಜಾರಾಗಲಿಲ್ಲ, ಹಸಿ ಹಿಟ್ಟು ಬಹಳ ರುಚಿಯಾಗಿತ್ತು.

ನಮ್ಮ ಮನೆಯಲ್ಲಿ ಗುರುವಾರ ಮಾಡುತ್ತೇವೆ. ಶುಕ್ರವಾರ ಶೋಕದ ದಿನ, ಅವತ್ತು ಅತ್ತೆ ಓವನ್ ಹಚ್ಚುವುದಿಲ್ಲ. ಬುಧವಾರ ರಾತ್ರಿಯೇ ಮೊಟ್ಟೆ, ಬೆಣ್ಣೆ, ಹಿಟ್ಟು ಎಲ್ಲವನ್ನೂ ಫ್ರಿಜ್ಜಿನಿಂದ, ಉಗ್ರಾಣದಿಂದ ತಂದು ಅಡುಗೆಮನೆಯ ಮೇಜಿನ ಮೇಲೆ ಇಡಬೇಕು. ಏಪ್ರಿಲ್‌ನಲ್ಲೂ ಇಲ್ಲಿ ಚಳಿ ಬಿಟ್ಟಿರುವುದಿಲ್ಲ. ತಣ್ಣನೆಯ ಮೊಟ್ಟೆ ಒಂದು ಬಿದ್ದರೂ ಯೀಸ್ಟ್ ಮುದುಡುತ್ತದೆ.

ಅಳತೆ ಹೇಳುತ್ತೇನೆ. ಒಂದು ಕಿಲೋ ಮೈದಾ, 350 ಮಿಲಿ ಹಾಲು, 50 ಗ್ರಾಂ ಹಸಿ ಯೀಸ್ಟ್, ಹತ್ತು ಮೊಟ್ಟೆಯ ಹಳದಿ, 250 ಗ್ರಾಂ ಸಕ್ಕರೆ, 200 ಗ್ರಾಂ ಬೆಣ್ಣೆ, ಒಂದು ದೊಡ್ಡ ಹಿಡಿ ಒಣದ್ರಾಕ್ಷಿ, ನಿಂಬೆ ಸಿಪ್ಪೆಯ ತುರಿ, ವೆನಿಲಾ, ಒಂದು ಚಮಚ ಉಪ್ಪು. ಹಸಿ ಯೀಸ್ಟ್ ಇಲ್ಲಿ ಸಾಬೂನಿನಷ್ಟು ಗಾತ್ರದ 100 ಗ್ರಾಂ ಗಟ್ಟಿಯಾಗಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಒಣ ಯೀಸ್ಟ್ ಆದರೆ ಮೂರನೇ ಒಂದು ಭಾಗ ಸಾಕು. ಬಣ್ಣಕ್ಕೆ ಕೆಲವರು ಕೇಸರಿ ಹಾಕುತ್ತಾರೆ. ಅತ್ತೆ ನಾನು ತಂದ ಅರಿಶಿನವನ್ನು ಒಂದು ಚಿಟಿಕೆ ಹಾಕುತ್ತಾರೆ. ಇದು ನಾನು ಕಲಿಸಿದ್ದಲ್ಲ, ಇಲ್ಲಿನವರಿಗೆ ಮೊದಲೇ ಗೊತ್ತಿತ್ತು. ನಾನು ತಂದದ್ದು ಬಣ್ಣ ಜಾಸ್ತಿ ಬಿಡುತ್ತದೆ ಅನ್ನುವುದಷ್ಟೇ ಅದರ ಹೆಚ್ಚುಗಾರಿಕೆ. ಏಲಕ್ಕಿ ಹಾಕೋಣವಾ ಅಂತ ಕೇಳಿದೆ. ಚರ್ಚಿಗೆ ಹೋಗುವ ಪಾಸ್ಕಾಕ್ಕೆ ಬೇಡ, ನಿನ್ನದಕ್ಕೆ ಬೇಕಾದರೆ ಹಾಕು ಅಂದರು.

ಮೊದಲು ಒಪಾರಾ. ಹಾಲನ್ನು ಮಣಿಕಟ್ಟಿಗೆ ಬೆಚ್ಚಗೆ ಅನ್ನಿಸುವಷ್ಟು ಮಾತ್ರ ಕಾಯಿಸಿ, ಅಂದರೆ ಸುಮಾರು 35 ಡಿಗ್ರಿ, ಯೀಸ್ಟನ್ನು ಕರಗಿಸಿ, ಒಂದು ಚಮಚ ಸಕ್ಕರೆ, ಮೂರ್ನಾಲ್ಕು ಹಿಡಿ ಹಿಟ್ಟು ಸೇರಿಸಿ ದೋಸೆ ಹಿಟ್ಟಿಗಿಂತ ಸ್ವಲ್ಪ ದಪ್ಪಕ್ಕೆ ಕಲಸಿ ಮುಚ್ಚಿಡುವುದು. ಇಷ್ಟನ್ನು ಯಾಕೆ ಬೇರೆ ಮಾಡಬೇಕು, ಎಲ್ಲ ಒಟ್ಟಿಗೆ ಕಲಸಿದರೆ ಏನು ಅಂತ ನಾನು ಕೇಳಿದ್ದೆ. ಕಾರಣ ಸಕ್ಕರೆ ಮತ್ತು ಬೆಣ್ಣೆ. ಸಕ್ಕರೆ ಜಾಸ್ತಿಯಿದ್ದರೆ ಅದು ನೀರನ್ನೆಲ್ಲ ತನ್ನ ಕಡೆ ಎಳೆದುಕೊಳ್ಳುತ್ತದೆ, ಯೀಸ್ಟ್ ಬಾಯಾರಿ ಕೂರುತ್ತದೆ. ಬೆಣ್ಣೆ ಹಿಟ್ಟಿನ ಕಣಗಳಿಗೆ ಮೆತ್ತಿಕೊಂಡು ಅಂಟು ಹುಟ್ಟುವುದನ್ನೇ ತಡೆಯುತ್ತದೆ. ಹಾಗಾಗಿ ಇವೆರಡೂ ಬರುವ ಮೊದಲೇ ಯೀಸ್ಟ್ ಬೆಳೆದು ಬಲ ತುಂಬಿಕೊಳ್ಳಲಿ ಅಂತ. ಒಪಾರಾ ಎರಡರಷ್ಟು ಉಬ್ಬಿ, ನಡುವೆ ಸ್ವಲ್ಪ ಕುಸಿಯಲು ಶುರುವಾದಾಗ ಅದು ತಯಾರು. ಗಡಿಯಾರ ನೋಡಿ ಪ್ರಯೋಜನವಿಲ್ಲ.

ಆಮೇಲೆ ಹಳದಿಯನ್ನು ಸಕ್ಕರೆಯ ಜೊತೆ ಬಿಳಿಚಾಗುವ ತನಕ ಕಡೆದು ಸುರಿಯಬೇಕು, ಎರಡು ಸಲ ಜರಡಿ ಹಿಡಿದ ಹಿಟ್ಟನ್ನು ಹಾಕಿ ನಾದಬೇಕು. ಬೆಣ್ಣೆ ಕೊನೆಗೆ. ಕರಗಿಸಿದ್ದಲ್ಲ, ಬೆರಳು ಇಳಿಯುವಷ್ಟು ಮೆತ್ತಗಿದ್ದದ್ದು, ಚೂರು ಚೂರಾಗಿ. ಬೆಣ್ಣೆ ಹೋಗುತ್ತಿದ್ದಂತೆ ಅಷ್ಟು ಹೊತ್ತು ಚೆನ್ನಾಗಿದ್ದ ಹಿಟ್ಟು ಕೆಸರಾಗುತ್ತದೆ. ಕೈಗೆ, ಮೇಜಿಗೆ, ಮೊಣಕೈಗೆಲ್ಲ ಅಂಟುತ್ತದೆ. ಇಲ್ಲಿ ಯಾರಿಗಾದರೂ ಅನ್ನಿಸುವುದು ಇನ್ನೊಂದು ಹಿಡಿ ಹಿಟ್ಟು ಹಾಕೋಣ ಅಂತ. ಹಾಕಿದರೆ ಕೆಟ್ಟಿತು, ಬ್ರೆಡ್ ಮರುದಿನವೇ ಪುಡಿಪುಡಿ. ಅತ್ತೆ ಹಿಟ್ಟಿನ ಚೀಲವನ್ನೇ ಎತ್ತಿ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರು. ನಾದು ಅಂದರು. ನಾದಿದೆ. ಮಡಚಿ, ಮೇಜಿಗೆ ಬಡಿದು, ಎಳೆದು, ಮತ್ತೆ ಮಡಚಿ. ಅರ್ಧ ತಾಸು ಆಗುವ ಹೊತ್ತಿಗೆ ಹಿಟ್ಟು ತಾನಾಗಿ ಕೈ ಬಿಡಲು ಶುರುಮಾಡಿತು, ಬೋಗುಣಿಯ ಗೋಡೆ ಸ್ವಚ್ಛವಾಯಿತು, ಮೇಲ್ಮೈಗೆ ಹೊಳಪು ಬಂತು. ಚಿಕ್ಕ ತುಂಡನ್ನು ಎರಡೂ ಕೈಯಲ್ಲಿ ಎಳೆದರೆ ಹರಿಯದೆ ಬೆಳಕು ಕಾಣುವಷ್ಟು ತೆಳ್ಳಗಾಗಬೇಕು. ಅದು ಆಗುವ ತನಕ ನಾದುವುದೇ.

ಮೊದಲ ಸಲ ಉಬ್ಬುವುದಕ್ಕೆ ಎರಡು ತಾಸು ಹತ್ತಿರ ಹಿಡಿಯುತ್ತದೆ. ಈ ಹೊತ್ತಿನಲ್ಲಿ ಮನೆಯ ನಿಯಮಗಳು ಬೇರೆ. ಬಾಗಿಲು ಧಡ್ ಅಂತ ಹಾಕಬಾರದು. ಜಗಳ ಮಾಡಬಾರದು. ಕಿಟಕಿ ತೆಗೆಯಬಾರದು. ಪಾಸ್ಕಾ ಸರಿಯಾಗಿ ಏಳದಿದ್ದರೆ ಆ ವರ್ಷ ಮನೆಗೆ ಒಳ್ಳೆಯದಲ್ಲ ಅನ್ನುವ ನಂಬಿಕೆ ಗಟ್ಟಿಯಾಗಿದೆ. ಕಿಟಕಿಯದು ಸರಿ, ತಣ್ಣನೆ ಗಾಳಿ ನಿಜವಾಗಲೂ ಹಿಟ್ಟಿಗೆ ಆಗದು. ಜಗಳದ ವಿಷಯ ನನಗೆ ಗೊತ್ತಿಲ್ಲ, ಆದರೆ ನಿಯಮ ಇರುವುದು ಒಳ್ಳೆಯದೇ. ಆ ಎರಡು ತಾಸು ಮಾವ ಟಿವಿಯ ದನಿ ಕೂಡ ತಗ್ಗಿಸಿ ಕೂರುತ್ತಾರೆ.

ಉಬ್ಬಿದ್ದನ್ನು ಮೆಲ್ಲಗೆ ತಟ್ಟಿ, ಮೈದಾದಲ್ಲಿ ಹೊರಳಿಸಿದ ಒಣದ್ರಾಕ್ಷಿ ಸೇರಿಸಿ ಅಚ್ಚುಗಳಿಗೆ ಹಾಕಬೇಕು. ಮೈದಾ ಮೆತ್ತಿದ್ದರೆ ದ್ರಾಕ್ಷಿ ಹಿಟ್ಟಿಗೆ ಹಿಡಿದುಕೊಳ್ಳುತ್ತದೆ, ಒಂದೇ ಕಡೆ ಗುಂಪುಗೂಡುವುದಿಲ್ಲ. ಈಗ ಅಂಗಡಿಯಲ್ಲಿ ಹೂವಿನ ಚಿತ್ರದ ಕಾಗದದ ಅಚ್ಚು ಸಿಗುತ್ತವೆ. ಅತ್ತೆಯದು ಹಳೆಯ ಅಲ್ಯೂಮಿನಿಯಂ ಮಗ್ಗು, ಪೀಚ್ ಹಣ್ಣಿನ ಖಾಲಿ ಡಬ್ಬಿಗಳು. ಒಳಗೆ ಬೆಣ್ಣೆ ಸವರಿ, ಸುತ್ತ ಕಾಗದ ಇಟ್ಟು, ಮೂರನೇ ಒಂದು ಭಾಗ ಮಾತ್ರ ತುಂಬುವುದು. ಅರ್ಧ ತುಂಬಿದರೆ ಸ್ವಲ್ಪ ಗಟ್ಟಿ ಬ್ರೆಡ್ ಆಗುತ್ತದೆ, ಅದಕ್ಕಿಂತ ಜಾಸ್ತಿ ತುಂಬಿದರೆ ಓವನ್ ತೊಳೆಯುವ ಕೆಲಸ. ಮತ್ತೆ ಉಬ್ಬಿ ಅಂಚಿಗೆ ಒಂದು ಬೆರಳು ಬಾಕಿ ಇರುವಾಗ ಒಳಗಿಡಬೇಕು.

ಇನ್ನೊಂದು ಮಾತು. ಈ ಪಶ್ಚಿಮದ ಕಡೆ ಹಳಬರು ಪಾಸ್ಕಾ ಅನ್ನುವುದು ಈ ಎತ್ತರದ ಸಿಹಿ ಬ್ರೆಡ್ಡಿಗಲ್ಲ. ಅದಕ್ಕೆ ಅವರು ಬಾಬ್ಕಾ ಅನ್ನುತ್ತಾರೆ. ಅವರ ಪಾಸ್ಕಾ ಅಗಲ, ದುಂಡು, ತಗ್ಗು, ಸಿಹಿ ಕಡಿಮೆ. ಮೇಲೆ ಹಿಟ್ಟಿನದೇ ಶಿಲುಬೆ, ಸುತ್ತ ಜಡೆ, ಹೂವು, ಹಕ್ಕಿ. ಈ ಅಲಂಕಾರದ ಹಿಟ್ಟನ್ನು ಬೇರೆ ಕಲಸುತ್ತಾರೆ, ಗಟ್ಟಿಯಾಗಿ, ಯೀಸ್ಟ್ ಇಲ್ಲದೆ ಅಥವಾ ತೀರಾ ಕಡಿಮೆ ಹಾಕಿ. ಇಲ್ಲದಿದ್ದರೆ ಒಳಗೆ ಹೋದ ಹಕ್ಕಿ ಹೊರಗೆ ಬರುವಾಗ ಆಲೂಗಡ್ಡೆ ಆಗಿರುತ್ತದೆ. ನಮ್ಮಲ್ಲಿ ಎರಡೂ ಮಾಡುತ್ತೇವೆ. ಬುಟ್ಟಿಗೆ ಹೋಗುವುದು ಹಕ್ಕಿ ಇರುವುದು.

ಅತ್ತೆಯ ಓವನ್ ಗ್ಯಾಸಿನದು, ಶಾಖ ತೋರಿಸುವ ಮುಳ್ಳು ಕೆಟ್ಟು ಎಷ್ಟೋ ಕಾಲವಾಗಿದೆ. ಒಂದು ಬಿಳಿ ಕಾಗದದ ಚೂರು ಒಳಗಿಟ್ಟು ಅದು ಎಷ್ಟು ಬೇಗ ಕಂದಾಗುತ್ತದೆ ಅನ್ನುವುದರ ಮೇಲೆ ಅವರ ಲೆಕ್ಕ. ನಿಮ್ಮ ಓವನ್ನಿಗೆ ಅಂಕಿ ಬೇಕಾದರೆ ಮೊದಲ ಹತ್ತು ನಿಮಿಷ 180, ಆಮೇಲೆ 165ಕ್ಕೆ ಇಳಿಸಿ ಗಾತ್ರ ನೋಡಿಕೊಂಡು ಮೂವತ್ತರಿಂದ ನಲವತ್ತು ನಿಮಿಷ. ತಳದಲ್ಲಿ ಒಂದು ಬಟ್ಟಲು ನೀರು. ತಲೆ ಬೇಗ ಕಂದಾದರೆ ಒದ್ದೆ ಕಾಗದ ಮುಚ್ಚುವುದು. ಅರ್ಧ ಹೊತ್ತಿನ ತನಕ ಬಾಗಿಲು ತೆಗೆಯುವಂತಿಲ್ಲ. ನಡುವೆ ಚುಚ್ಚಿದ ಕಡ್ಡಿ ಒಣಗಿ ಬಂದರೆ ಆಯಿತು.

ಹೊರಗೆ ಬಂದ ಎತ್ತರದ ಬ್ರೆಡ್ಡನ್ನು ನಿಲ್ಲಿಸಿ ತಣಿಸಬಾರದು. ಬಿಸಿಯಿರುವಾಗ ಒಳಗಿನ ತಿರುಳು ಎಷ್ಟು ಮೆತ್ತಗಿರುತ್ತದೆ ಅಂದರೆ ತನ್ನ ಭಾರಕ್ಕೆ ತಾನೇ ಕುಸಿದು ಸೊಂಟ ಸಣ್ಣದಾಗುತ್ತದೆ. ದಿಂಬಿನ ಮೇಲೆ ಟವೆಲ್ ಹಾಸಿ, ಅದರ ಮೇಲೆ ಅಡ್ಡ ಮಲಗಿಸಿ, ಆಗಾಗ ಹೊರಳಿಸಬೇಕು. ಗುರುವಾರ ಮಧ್ಯಾಹ್ನ ನಮ್ಮ ಮನೆಯ ದಿಂಬುಗಳಲ್ಲಿ ಒಂದೂ ಮಲಗುವವರಿಗೆ ಸಿಗುವುದಿಲ್ಲ.

ಲೇಪಕ್ಕೆ ಮೊಟ್ಟೆಯ ಬಿಳಿ, ಸಕ್ಕರೆ ಪುಡಿ, ನಿಂಬೆರಸ. ಈಗೀಗ ಜಿಲೆಟಿನ್ ಲೇಪ ಬಂದಿದೆ. ಅದು ಕತ್ತರಿಸುವಾಗ ಉದುರುವುದಿಲ್ಲ, ಕೈಗೆ ಅಂಟುವುದಿಲ್ಲ, ಫೋಟೋದಲ್ಲಿ ಚೆನ್ನಾಗಿ ಹೊಳೆಯುತ್ತದೆ. ತಿಂದರೆ ರಬ್ಬರು. ನಾನು ಮೊಟ್ಟೆಯ ಬಿಳಿಯ ಪಕ್ಷ, ಉದುರಿದರೆ ಉದುರಲಿ.

ಆದರೆ ಸೈನಿಕರಿಗೆ ಕಳಿಸುವ ಪಾಸ್ಕಾಗಳಿಗೆ ಲೇಪವನ್ನೇ ಹಾಕುವುದಿಲ್ಲ. 2022ರಿಂದ ಈಚೆಗೆ ಈಸ್ಟರ್ ಹತ್ತಿರ ಬಂದ ಹಾಗೆ ಚರ್ಚುಗಳಲ್ಲಿ, ಶಾಲೆಗಳಲ್ಲಿ ಮನೆಮನೆಯ ಪಾಸ್ಕಾ ಕೂಡಿಸಿ ಮುಂಚೂಣಿಗೆ ಕಳಿಸುತ್ತಾರೆ. ದಾರಿಯಲ್ಲಿ ಲೇಪ ಪುಡಿಯಾಗುತ್ತದೆ. ಅದಕ್ಕೆ ಚಿಕ್ಕ ಅಚ್ಚಿನಲ್ಲಿ ಮಾಡಿ, ಪೂರ್ತಿ ತಣಿದ ಮೇಲೆ ಒಂದೊಂದನ್ನೂ ಬೇರೆ ಸುತ್ತಿ ಕೊಡುತ್ತೇವೆ. ಸ್ವಲ್ಪ ಬಿಸಿಯಿದ್ದಾಗ ಸುತ್ತಿದರೂ ಒಳಗೆ ಬೆವರು ಬಂದು ಬೂಸ್ಟು ಹಿಡಿಯುತ್ತದೆ.

ಕರೆಂಟಿನ ಮಾತು ಬಿಟ್ಟರೆ ಈ ಬರಹ ಸುಳ್ಳಾಗುತ್ತದೆ. 2022ರ ಅಕ್ಟೋಬರ್‌ನಿಂದ ರಷ್ಯಾ ಇಲ್ಲಿನ ವಿದ್ಯುತ್ ಕೇಂದ್ರಗಳ ಮೇಲೆ ಕ್ಷಿಪಣಿ ಹಾರಿಸುತ್ತ ಬಂದಿದೆ. ಕರೆಂಟ್ ಪಾಳಿಯ ಮೇಲೆ ಬರುತ್ತದೆ, ಕೆಲವೊಮ್ಮೆ ಪಾಳಿಯೂ ಇಲ್ಲ. ನಮ್ಮ ಫ್ಲ್ಯಾಟಿನಲ್ಲಿ ಎಲೆಕ್ಟ್ರಿಕ್ ಓವನ್. ಆ ಡಿಸೆಂಬರ್‌ನಲ್ಲಿ ಗಸಗಸೆ ಸುರುಳಿ ಒಳಗಿಟ್ಟ ಮೇಲೆ ದೀಪ ಹೋಯಿತು. ಅರ್ಧ ಬೆಂದ ಸುರುಳಿಯನ್ನು ಕಂಬಳಿ ಸುತ್ತಿ ಟ್ರೇ ಸಮೇತ ಅತ್ತೆಯ ಮನೆಗೆ ಹೊತ್ತುಕೊಂಡು ಹೋಗಿ ಗ್ಯಾಸ್ ಓವನ್ನಿನಲ್ಲಿ ಮುಗಿಸಿದೆವು. ಒಳಗೆ ಒಂದು ಪದರ ಹಸಿ ಹಸಿಯಾಗಿ ಉಳಿಯಿತು, ಆದರೂ ತಿಂದೆವು. ಅಂದಿನಿಂದ ಆ ಬೀದಿಯಲ್ಲಿ ಗ್ಯಾಸ್ ಓವನ್ ಇರುವ ಮನೆಗಳಿಗೆ ಹಬ್ಬದ ವಾರ ಪಕ್ಕದವರು ಹಿಟ್ಟಿನ ಬೋಗುಣಿ ಹಿಡಿದು ಬರುತ್ತಾರೆ. ಓವನ್ನಿನಲ್ಲಿ ಯಾರ ಪಾಸ್ಕಾ ಯಾವುದು ಅಂತ ಗುರುತಿಗೆ ಕಡ್ಡಿ ಚುಚ್ಚುವುದು. ಗುರುತು ತಪ್ಪಿದ್ದೂ ಇದೆ, ಯಾರ ಬ್ರೆಡ್ ಹೆಚ್ಚು ಎತ್ತರಕ್ಕೆ ಎದ್ದಿತ್ತು ಅನ್ನುವುದರ ಬಗ್ಗೆ ಇನ್ನೂ ವಾದ ನಡೆದಿದೆ.

ಭಾನುವಾರ ನಸುಕಿನಲ್ಲಿ ಬುಟ್ಟಿ ತಗೊಂಡು ಚರ್ಚಿಗೆ ಹೋಗುತ್ತೇವೆ. ಪಾಸ್ಕಾ, ಬಣ್ಣದ ಮೊಟ್ಟೆ, ಬೆಣ್ಣೆ, ಗಿಣ್ಣು, ಸಾಸೇಜ್, ಉಪ್ಪು, ಖ್ರಿನ್ ಅನ್ನುವ ಮೂಗಿಗೇರುವ ಖಾರದ ಬೇರು, ಎಲ್ಲದರ ಮೇಲೆ ಕಸೂತಿ ಬಟ್ಟೆ. ಅಂಗಳದಲ್ಲಿ ಬುಟ್ಟಿಗಳ ಸಾಲು, ಪಾದ್ರಿ ನೀರು ಚಿಮುಕಿಸುತ್ತ ಬರುತ್ತಾರೆ. ಎಲ್ಲರೂ ಪಕ್ಕದವರ ಬುಟ್ಟಿಯನ್ನು ನೋಡದ ಹಾಗೆ ನೋಡುತ್ತಾರೆ. ಮನೆಗೆ ಬಂದು ಆಶೀರ್ವಾದದ ಮೊಟ್ಟೆಯನ್ನು ಹೋಳು ಮಾಡಿ ಹಂಚಿದ ಮೇಲೆ ಪಾಸ್ಕಾ. ಅದರ ಮೇಲೆ ದಪ್ಪಗೆ ಬೆಣ್ಣೆ, ಪಕ್ಕಕ್ಕೆ ಬೀಟ್‌ರೂಟ್ ಜೊತೆ ತುರಿದ ಖ್ರಿನ್. ಸಿಹಿ ಬ್ರೆಡ್ಡಿಗೆ ಕಣ್ಣಲ್ಲಿ ನೀರು ಬರಿಸುವ ಖಾರ. ನಮ್ಮ ಕಡೆಯವರಿಗೆ ಇದು ಮೊದಲ ತುತ್ತಿಗೇ ಹಿಡಿಸುತ್ತದೆ. ಅತ್ತೆ ಮಾತ್ರ ಮೊದಲು ನನ್ನ ಕಡೆ ನೋಡಿ ಉಪ್ಪು ಸರಿಯಿದೆಯಾ ಅಂತ ತಾವೇ ತಿಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಮೂರು ದಿನ ನನ್ನ ನಾಲಿಗೆಯ ಮೇಲೆ ನಂಬಿಕೆ ಇಟ್ಟಿದ್ದರಲ್ಲ, ಅದೇ ದೊಡ್ಡದು.

ಆಶೀರ್ವಾದವಾದ ಬ್ರೆಡ್ಡಿನ ಚೂರನ್ನು ಕಸಕ್ಕೆ ಹಾಕುವುದಿಲ್ಲ. ಮೇಜು ಒರೆಸಿದ ಪುಡಿಯೂ ಹಕ್ಕಿಗಳಿಗೆ. ಉಳಿದದ್ದು ಒಣಗಿದರೆ ಹಾಲು ಮೊಟ್ಟೆಯಲ್ಲಿ ಅದ್ದಿ ಬೆಣ್ಣೆಯಲ್ಲಿ ಕಾಯಿಸಿಕೊಳ್ಳುತ್ತೇವೆ.

ಇಷ್ಟು ಓದಿದವರು ಹತ್ತು ಮೊಟ್ಟೆಯ ಬಿಳಿ ಏನು ಮಾಡಿದಿರಿ ಅಂತ ಕೇಳಿಯೇ ಕೇಳುತ್ತೀರಿ. ಲೇಪಕ್ಕೆ ಒಂದೆರಡು ಹೋಗುತ್ತವೆ. ಮಿಕ್ಕದ್ದನ್ನು ಉಪವಾಸದವರು ತಿನ್ನುವ ಹಾಗಿಲ್ಲ, ಎಸೆಯುವ ಹಾಗಂತೂ ಇಲ್ಲವೇ ಇಲ್ಲ. ಗಾಜಿನ ಬಾಟಲಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟಿರುತ್ತೇವೆ. ಸೋಮವಾರ ಅದಕ್ಕೆ ಒಂದಕ್ಕೆ ಎರಡರಷ್ಟು ಸಕ್ಕರೆ ಹಾಕಿ ಗಟ್ಟಿ ನೊರೆ ಬರುವ ತನಕ ಕಡೆದು, ಹಿತ್ತಿಲ ಅಕ್ರೋಟಿನ ಚೂರು ಬೆರೆಸಿ, ಚಮಚದಲ್ಲಿ ಟ್ರೇ ಮೇಲೆ ಇಟ್ಟು 100 ಡಿಗ್ರಿಯಲ್ಲಿ ಎರಡು ತಾಸು ಒಣಗಿಸಿದರೆ ಗರಿಗರಿ ಸಿಹಿ ಆಗುತ್ತದೆ. ಮಳೆ ಬರುತ್ತಿದ್ದರೆ ಮಾತ್ರ ಮಾಡಬೇಡಿ, ತೇವಕ್ಕೆ ಅಂಟಂಟಾಗುತ್ತದೆ. ಮತ್ತೆ ಕರೆಂಟಿನ ಪಾಳಿ ನೋಡಿಕೊಂಡು ಕಡೆಯಲು ಶುರುಮಾಡಿ, ಕೈಯಲ್ಲಿ ಕಡೆಯುವುದು ಆಗದ ಮಾತು.